ಡೇಟಾಬೇಸ್ ಕೆಲಸಕ್ಕೆ ಎಂಥ ಕ್ಲಾಸ್ ಬರೆಯಬೇಕು? ಪಿಎಚ್‌ಪಿ ಬರೆಯುವವರಿಗೆ ಒಂದು ಹೋಲಿಕೆ

ಪಿಎಚ್‌ಪಿಯಲ್ಲಿ ಸ್ವಲ್ಪ ಕೈ ಪಳಗಿದವರು ಯಾವತ್ತಾದರೂ ಒಂದು ದಿನ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಪ್ರತಿ ಪುಟದಲ್ಲೂ ಕನೆಕ್ಷನ್ ತೆರೆದು, ಎಚ್‌ಟಿಎಂಎಲ್ ನಡುವೆಯೇ ಎಸ್‌ಕ್ಯೂಎಲ್ ಬರೆದು ಸಾಕಾಗಿರುತ್ತದೆ. ಇದನ್ನೆಲ್ಲ ಕ್ಲಾಸುಗಳಾಗಿ ಬರೆಯೋಣ ಅನಿಸುತ್ತದೆ. ಆದರೆ ಎಂಥ ಕ್ಲಾಸ್? ಇಡೀ ಡೇಟಾಬೇಸಿಗೆ ಒಂದೇ ದೊಡ್ಡ ಕ್ಲಾಸಾ? ಟೇಬಲ್ಲಿಗೆ ಒಂದೊಂದಾ? ಅಥವಾ ಲಾರಾವೆಲ್‌ನಂಥ ಫ್ರೇಮ್‌ವರ್ಕ್ ಹಾಕಿಕೊಂಡು ಅದು ಹೇಳಿದ ಹಾಗೆ ನಡೆಯುವುದಾ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಎರಡು ಪ್ರಶ್ನೆ ಕೇಳಿಕೊಳ್ಳಿ. ಎಸ್‌ಕ್ಯೂಎಲ್ ಎಲ್ಲಿ ಇರಬೇಕು? ಕನೆಕ್ಷನ್ ಯಾರ ಕೈಯಲ್ಲಿ ಇರಬೇಕು? ಈ ಎರಡಕ್ಕೆ ಉತ್ತರ ಸಿಕ್ಕರೆ ಕ್ಲಾಸಿನ ಆಕಾರ ತಾನಾಗಿ ಬರುತ್ತದೆ. ಫ್ರೇಮ್‌ವರ್ಕ್ ಇಲ್ಲದೆ ನೀವೇ ಬರೆಯುವ ಸಣ್ಣ, ನಡುಗಾತ್ರದ ಕೆಲಸಗಳಿಗೆ ನಾನು ಶಿಫಾರಸು ಮಾಡುವುದು ಒಂದೇ ದಾರಿ. ಒಂದೊಂದು ವಿಷಯಕ್ಕೆ ಒಂದೊಂದು ಸಣ್ಣ ಕ್ಲಾಸ್, ಅದರೊಳಗೆ ಕೈಯಿಂದ ಬರೆದ ಎಸ್‌ಕ್ಯೂಎಲ್, ಹೊರಗಿನಿಂದ ಕೊಟ್ಟ ಕನೆಕ್ಷನ್. ಉಳಿದ ದಾರಿಗಳು ಯಾವಾಗ ಇದಕ್ಕಿಂತ ಮೇಲು, ಯಾವಾಗ ಬೇಡ ಅನ್ನುವುದನ್ನು ಮುಂದೆ ನೋಡೋಣ.

ಮಾತು ಗಾಳಿಯಲ್ಲಿ ತೇಲಬಾರದು ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಊರಿನ ಹಾಲಿನ ಡೈರಿಯ ಲೆಕ್ಕ. ಸದಸ್ಯರು ಬೆಳಿಗ್ಗೆ, ಸಂಜೆ ಹಾಲು ಹಾಕುತ್ತಾರೆ. ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ದಾಖಲಾಗುತ್ತದೆ. ಅದರ ಮೇಲೆ ರೇಟು. ಪಶು ಆಹಾರ ಸಾಲದಲ್ಲಿ ತಗೊಂಡಿದ್ದರೆ ಅದನ್ನು ಹಿಡಿದುಕೊಂಡು ಬಟವಾಡೆ ಮಾಡುತ್ತಾರೆ. ಟೇಬಲ್ ನಾಲ್ಕು: ಸದಸ್ಯ, ಹಾಲು, ಫೀಡ್ ಸಾಲ, ಬಟವಾಡೆ. ಇಷ್ಟರಲ್ಲೇ ಎಲ್ಲ ತೊಡಕುಗಳೂ ಎದುರಾಗುತ್ತವೆ.

ಮೊದಲು ಕನೆಕ್ಷನ್

ಯಾವ ದಾರಿ ಹಿಡಿದರೂ ಕನೆಕ್ಷನ್ನಿನ ವಿಷಯ ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಅದನ್ನು ಮೊದಲು ಮುಗಿಸೋಣ.

ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳು 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7.0ರಲ್ಲೇ ಹೊರಟುಹೋದವು. ಈಗ ಇರುವುದು ಮೈಎಸ್‌ಕ್ಯೂಎಲ್‌ಐ ಮತ್ತು ಪಿಡಿಒ. ಹೊಸದಾಗಿ ಶುರು ಮಾಡುವವರಿಗೆ ಪಿಡಿಒ ಸಾಕು. ಅದು 2005ರಲ್ಲಿ ಪಿಎಚ್‌ಪಿ 5.1ರ ಜೊತೆಗೇ ಬಂತು. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್ ಎಲ್ಲದಕ್ಕೂ ಒಂದೇ ರೀತಿಯಲ್ಲಿ ಮಾತಾಡುತ್ತದೆ. ಒಂದು ವಿಷಯ ಗಮನಿಸಿ: ಪಿಡಿಒ ತಾನೇ ಒಂದು ಕ್ಲಾಸ್. ಅದರ ಮೇಲೆ ಇನ್ನೊಂದು ಕ್ಲಾಸ್ ಹೊದಿಸುವ ಮುಂಚೆ, ಹೊದಿಕೆಯಿಂದ ಏನು ಸಿಗುತ್ತದೆ ಅಂತ ಕೇಳಿಕೊಳ್ಳಬೇಕು. ಬರೀ ಹೆಸರು ಬದಲಾಗುವುದಾದರೆ ಅದು ಸುಮ್ನೆ ಕೆಲಸ.

ಪ್ರತಿ ಕ್ಲಾಸೂ ತನ್ನ ಕನ್‌ಸ್ಟ್ರಕ್ಟರ್‌ನಲ್ಲಿ ತಾನೇ ಕನೆಕ್ಷನ್ ತೆರೆಯುವುದು ತುಂಬಾ ಕಡೆ ಕಾಣುವ ತಪ್ಪು. ಮೈಎಸ್‌ಕ್ಯೂಎಲ್‌ನಲ್ಲಿ ಒಟ್ಟು ಕನೆಕ್ಷನ್ನಿನ ಮಿತಿ, ಯಾರೂ ಬದಲಿಸದಿದ್ದರೆ, 151. ಒಂದು ಪುಟ ಐದು ಕ್ಲಾಸ್ ಬಳಸಿ ಐದು ಕನೆಕ್ಷನ್ ತೆರೆದರೆ, ಒಂದೇ ಕ್ಷಣದಲ್ಲಿ 31 ಜನ ಪುಟ ತೆರೆದರೂ ಮಿತಿ ದಾಟುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಟ್ರಾನ್ಸಾಕ್ಷನ್‌ದು. ಒಂದು ಕನೆಕ್ಷನ್ನಿನಲ್ಲಿ ಶುರುವಾದ ಟ್ರಾನ್ಸಾಕ್ಷನ್ ಇನ್ನೊಂದು ಕನೆಕ್ಷನ್ನಿನ ಕೆಲಸವನ್ನು ಒಳಗೊಳ್ಳುವುದಿಲ್ಲ. ಫೀಡ್ ಸಾಲ ಕಳೆಯುವ ಕ್ಲಾಸಿಗೆ ಒಂದು ಕನೆಕ್ಷನ್, ಬಟವಾಡೆ ಬರೆಯುವ ಕ್ಲಾಸಿಗೆ ಇನ್ನೊಂದು ಅಂದರೆ, ಎರಡನ್ನೂ ಒಟ್ಟಿಗೆ ಉಳಿಸುವುದಾಗಲಿ ಒಟ್ಟಿಗೆ ರದ್ದು ಮಾಡುವುದಾಗಲಿ ಸಾಧ್ಯವೇ ಇಲ್ಲ.

ಹಾಗಾದರೆ ಸಿಂಗಲ್‌ಟನ್ ಬಳಸಬಹುದಲ್ವಾ? ಎಲ್ಲಿಂದ ಕರೆದರೂ ಅದೇ ಒಂದು ಆಬ್ಜೆಕ್ಟ್ ಕೊಡುವ ಸ್ಟ್ಯಾಟಿಕ್ ಮೆಥಡ್. ಇದು ಕನೆಕ್ಷನ್ನಿನ ಲೆಕ್ಕವನ್ನೇನೋ ಸರಿ ಮಾಡುತ್ತದೆ. ಆದರೆ ಯಾವ ಕ್ಲಾಸ್ ಡೇಟಾಬೇಸ್ ಮುಟ್ಟುತ್ತದೆ ಅನ್ನುವುದು ಮರೆಯಾಗಿಬಿಡುತ್ತದೆ. ಕ್ಲಾಸಿನ ಕನ್‌ಸ್ಟ್ರಕ್ಟರ್ ನೋಡಿದರೆ ಖಾಲಿ. ಒಳಗೆ ಎಲ್ಲೋ ಒಂದು ಮೆಥಡ್‌ನ ಮಧ್ಯದಲ್ಲಿ ಸಿಂಗಲ್‌ಟನ್‌ಗೆ ಕರೆ. ಪರೀಕ್ಷೆಗೆ ಬೇರೆ ಡೇಟಾಬೇಸ್ ಕೊಡಬೇಕು ಅಂದರೆ ದಾರಿಯಿಲ್ಲ. ನಾಳೆ ವರದಿಗಳಿಗೆ ಪ್ರತ್ಯೇಕ ಸರ್ವರ್ ಬಂದರೆ ‘ಒಂದೇ ಒಂದು’ ಅನ್ನುವ ನಂಬಿಕೆಯೇ ಮುರಿಯುತ್ತದೆ.

ಸರಿಯಾದ ದಾರಿ ಸುಲಭವಾಗಿದೆ. ಅಪ್ಲಿಕೇಶನ್ ಶುರುವಾಗುವ ಒಂದು ಕಡೆ ಪಿಡಿಒ ಆಬ್ಜೆಕ್ಟ್ ಮಾಡಿ. ಬೇಕಾದ ಕ್ಲಾಸುಗಳಿಗೆ ಕನ್‌ಸ್ಟ್ರಕ್ಟರ್ ಮೂಲಕ ಕೊಡಿ. ಇದಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಅನ್ನುತ್ತಾರೆ. ಇದಕ್ಕಾಗಿ ಕಂಟೇನರ್ ಲೈಬ್ರರಿ ಬೇಕೇಬೇಕು ಅಂತಿಲ್ಲ. ಹತ್ತು ಸಾಲಿನ ಒಂದು ಫೈಲ್ ಸಾಕು.

ಆ ಒಂದು ಕಡೆಯಲ್ಲಿ ಮೂರು ಸೆಟ್ಟಿಂಗ್ ಮರೆಯಬೇಡಿ. ಒಂದು, ದೋಷವಾದರೆ ಎಕ್ಸೆಪ್ಶನ್ ಎಸೆಯುವುದು. ಪಿಎಚ್‌ಪಿ 8.0ರಿಂದ ಇದು ತಾನಾಗಿಯೇ ಇದೆ. ಅದಕ್ಕಿಂತ ಹಳೆಯದರಲ್ಲಿ ಪಿಡಿಒ ಸದ್ದಿಲ್ಲದೆ ಸೋಲುತ್ತಿತ್ತು. ಎರಡು, ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳ (ಎಸ್‌ಕ್ಯೂಎಲ್ ಬೇರೆ, ಅದರಲ್ಲಿ ತುಂಬುವ ಬೆಲೆಗಳು ಅಂದರೆ ವ್ಯಾಲ್ಯೂಗಳು ಬೇರೆಯಾಗಿ ಕಳಿಸುವ ವಿಧಾನ) ಅನುಕರಣೆ ನಿಲ್ಲಿಸುವುದು. ನಿಲ್ಲಿಸದಿದ್ದರೆ ಪಿಡಿಒದ ಮೈಎಸ್‌ಕ್ಯೂಎಲ್ ಡ್ರೈವರ್ ಪಿಎಚ್‌ಪಿ ಬದಿಯಲ್ಲೇ ಬೆಲೆಗಳನ್ನು ತುಂಬಿ ಕಳಿಸುತ್ತದೆ. ಮೂರನೆಯದು ಅಕ್ಷರಗಳ ಎನ್‌ಕೋಡಿಂಗ್. ಕನ್ನಡದವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಮೈಎಸ್‌ಕ್ಯೂಎಲ್‌ನ ‘ಯುಟಿಎಫ್8’ ಅನ್ನುವ ಹಳೆಯ ಸೆಟ್ಟಿಂಗ್ ಒಂದು ಅಕ್ಷರಕ್ಕೆ ಹೆಚ್ಚೆಂದರೆ ಮೂರು ಬೈಟ್ ಕೊಡುತ್ತದೆ. ಯೂನಿಕೋಡಿನ ಕನ್ನಡ ಅಕ್ಷರಗಳಿಗೆ ಮೂರೇ ಬೈಟ್ ಸಾಕು. ಅದಕ್ಕೇ ಕನ್ನಡ ಸರಿಯಾಗಿ ಕೂರುತ್ತದೆ, ಇಮೋಜಿ ಬಂದ ಕೂಡಲೇ ಕೆಡುತ್ತದೆ. ‘ಯುಟಿಎಫ್8ಎಂಬಿ4’ ಅಂತಲೇ ಕೊಡಿ. ಮೈಎಸ್‌ಕ್ಯೂಎಲ್ 8.0 ಹೊಸ ಡೇಟಾಬೇಸುಗಳಿಗೆ ಅದನ್ನೇ ಇಟ್ಟುಕೊಳ್ಳುತ್ತದೆ, ಆದರೂ ಕನೆಕ್ಷನ್ನಿನಲ್ಲೂ ಬರೆಯುವುದು ಒಳ್ಳೆಯದು. ಇನ್ನೊಂದು ಸಂಗತಿ ಉದ್ದದ್ದು. ‘ಸ್ತ್ರೀ’ ಅನ್ನುವುದು ಓದುವವರಿಗೆ ಒಂದು ಅಕ್ಷರ. ಯೂನಿಕೋಡಿನಲ್ಲಿ ಅದು ಆರು ಸಂಕೇತ, ಯುಟಿಎಫ್-8ರಲ್ಲಿ ಹದಿನೆಂಟು ಬೈಟ್. ವಾರ್‌ಚಾರ್ ಕಾಲಮ್ ಸಂಕೇತಗಳನ್ನು ಎಣಿಸುತ್ತದೆ. ಹೆಸರಿಗೆ ಇಪ್ಪತ್ತು ಅಂತ ಇಟ್ಟರೆ ಸದಸ್ಯರ ಹೆಸರು ಹಿಡಿಸದೆ ಹೋಗಬಹುದು. ಜೊತೆಗೆ ದೀರ್ಘ ‘ೀ’ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟ್ ಹೋಲಿಸಿ ಹುಡುಕಿದರೆ ಬೇರೆ ಬೇರೆ. ಉಳಿಸುವ ಮುಂಚೆ ಪಿಎಚ್‌ಪಿಯ ನಾರ್ಮಲೈಸರ್ ಮೂಲಕ ಒಂದೇ ರೂಪಕ್ಕೆ ತರಬೇಕು. ಇದನ್ನು ಒಂದು ಕಡೆ ಮಾಡಬೇಕೋ ನಲವತ್ತು ಪುಟಗಳಲ್ಲಿ ಮಾಡಬೇಕೋ ಅನ್ನುವುದೇ ಕ್ಲಾಸಿನ ಪ್ರಶ್ನೆ.

ಎಲ್ಲವನ್ನೂ ಮಾಡುವ ಒಂದೇ ಕ್ಲಾಸ್

ಬಹಳ ಜನ ಮೊದಲು ಬರೆಯುವುದು ಇದನ್ನೇ. ಹೆಸರು ‘ಡೇಟಾಬೇಸ್’ ಅಥವಾ ‘ಡಿಬಿ’. ಒಳಗೆ ನಾಲ್ಕು ಮೆಥಡ್: ಸೇರಿಸು, ತಿದ್ದು, ಅಳಿಸು, ಆರಿಸು. ಸೇರಿಸು ಮೆಥಡ್‌ಗೆ ಟೇಬಲ್ಲಿನ ಹೆಸರು ಮತ್ತು ಒಂದು ಅರೇ ಕೊಟ್ಟರೆ ಅದೇ ಇನ್ಸರ್ಟ್ ವಾಕ್ಯ ಕಟ್ಟುತ್ತದೆ. ನೋಡಲು ಚೆನ್ನಾಗಿದೆ. ಎಸ್‌ಕ್ಯೂಎಲ್ ಬರೆಯುವ ಕಾಟ ತಪ್ಪಿತು ಅನಿಸುತ್ತದೆ.

ತಪ್ಪುವುದಿಲ್ಲ. ಮೊದಲ ಜಾಯಿನ್ ಬೇಕಾದ ದಿನ ಆರಿಸು ಮೆಥಡ್‌ಗೆ ಮೂರನೇ ಆರ್ಗ್ಯುಮೆಂಟ್ ಬರುತ್ತದೆ. ಗ್ರೂಪ್ ಬೈ ಬೇಕಾದಾಗ ನಾಲ್ಕನೆಯದು. ಆಮೇಲೆ ಷರತ್ತುಗಳನ್ನು ಸ್ಟ್ರಿಂಗ್ ಆಗಿಯೇ ಕೊಡಲು ಶುರು ಮಾಡುತ್ತೀರಿ. ಕೊನೆಗೆ ಎಸ್‌ಕ್ಯೂಎಲ್ ಎಲ್ಲ ಪುಟಗಳಲ್ಲೂ ಚೂರುಚೂರಾಗಿ ಹರಡಿರುತ್ತದೆ. ಮುಂಚೆ ಪೂರ್ತಿ ವಾಕ್ಯವಾದರೂ ಒಂದು ಕಡೆ ಓದಲು ಸಿಗುತ್ತಿತ್ತು. ಈಗ ಅದೂ ಇಲ್ಲ.

ಸುರಕ್ಷತೆಯ ದೃಷ್ಟಿಯಿಂದಲೂ ಇದು ಅಪಾಯ. ಪ್ರಿಪೇರ್ಡ್ ಸ್ಟೇಟ್‌ಮೆಂಟಿನ ಪ್ರಶ್ನಾರ್ಥಕ ಚಿಹ್ನೆ ಬೆಲೆಗಳ ಜಾಗದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಟೇಬಲ್ಲಿನ ಹೆಸರನ್ನೋ ಕಾಲಮ್ಮಿನ ಹೆಸರನ್ನೋ ಹಾಗೆ ಕಟ್ಟಿಹಾಕಲು ಆಗುವುದಿಲ್ಲ. ಅರೇಯ ಕೀಗಳನ್ನೇ ಕಾಲಮ್ ಹೆಸರಾಗಿ ಎಸ್‌ಕ್ಯೂಎಲ್‌ಗೆ ಸೇರಿಸಬೇಕಾಗುತ್ತದೆ. ಫಾರ್ಮಿನಿಂದ ಬಂದ ಪೋಸ್ಟ್ ಅರೇಯನ್ನು ಯಾರಾದರೂ ಹಾಗೇ ಈ ಮೆಥಡ್‌ಗೆ ಕೊಟ್ಟರೆ, ಕೀ ಏನಿರಬೇಕು ಅನ್ನುವುದನ್ನು ಹೊರಗಿನವರು ತೀರ್ಮಾನಿಸುತ್ತಾರೆ. ಬೆಲೆಗಳನ್ನೆಲ್ಲ ಸರಿಯಾಗಿ ಬೈಂಡ್ ಮಾಡಿದ್ದೀನಿ ಅನ್ನುವ ಧೈರ್ಯದಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಂತ ಸಣ್ಣ ಸಹಾಯಕ ಕ್ಲಾಸ್ ಬೇಡವೇ ಬೇಡ ಅಂತ ಅಲ್ಲ. ಪೂರ್ತಿ ಎಸ್‌ಕ್ಯೂಎಲ್ ಮತ್ತು ಬೆಲೆಗಳನ್ನು ತಗೊಂಡು, ಪ್ರಿಪೇರ್ ಮತ್ತು ಎಕ್ಸಿಕ್ಯೂಟ್ ಎರಡನ್ನೂ ಒಂದೇ ಕರೆಯಲ್ಲಿ ಮಾಡುವ ಮೆಥಡ್ ಉಪಯುಕ್ತ. ಅಲ್ಲಿಗೆ ನಿಲ್ಲಿಸಿ. ಅದು ಎಸ್‌ಕ್ಯೂಎಲ್ ಕಟ್ಟಲು ಹೊರಡಬಾರದು. ಕಟ್ಟುವುದು ನಿಜವಾಗಿ ಬೇಕಿದ್ದರೆ, ಉದಾಹರಣೆಗೆ ಹತ್ತು ಬಗೆಯ ಫಿಲ್ಟರ್ ಇರುವ ಹುಡುಕಾಟದ ಪುಟ ಇದ್ದರೆ, ಡಾಕ್ಟ್ರಿನ್ ಡಿಬಿಎಎಲ್‌ನಂಥ ಪಕ್ವವಾದ ಕ್ವೆರಿ ಬಿಲ್ಡರ್ ತಗೊಳ್ಳಿ.

ಡೇಟಾಬೇಸ್ ಕ್ಲಾಸಿನಿಂದ ಇನ್‌ಹೆರಿಟ್ ಮಾಡುವುದು

ಇದನ್ನು ಬೇಗ ಮುಗಿಸೋಣ. ಸದಸ್ಯ ಕ್ಲಾಸ್ ಡೇಟಾಬೇಸ್ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡುತ್ತದೆ. ಕ್ವೆರಿ ಮೆಥಡ್ ಕೈಗೆ ಸಿಗಲಿ ಅನ್ನುವುದಷ್ಟೇ ಉದ್ದೇಶ. ಆದರೆ ಸದಸ್ಯ ಅಂದರೆ ಒಂದು ಬಗೆಯ ಡೇಟಾಬೇಸಾ? ಅಲ್ಲ. ಅಲ್ಲದ ಸಂಬಂಧವನ್ನು ಕೋಡಿನಲ್ಲಿ ಬರೆದರೆ ಅದು ಬೇರೆ ಕಡೆ ಕಾಡುತ್ತದೆ. ಲಾಗಿನ್ ಆದ ಸದಸ್ಯನ ಆಬ್ಜೆಕ್ಟನ್ನು ಸೆಷನ್ನಿನಲ್ಲಿ ಇಡಲು ಹೋಗಿ ನೋಡಿ. ಪಿಡಿಒ ಆಬ್ಜೆಕ್ಟನ್ನು ಸೀರಿಯಲೈಸ್ ಮಾಡಲು ಪಿಎಚ್‌ಪಿ ಬಿಡುವುದಿಲ್ಲ, ಎಕ್ಸೆಪ್ಶನ್ ಬರುತ್ತದೆ. ಇನ್ನೂರು ಸದಸ್ಯರ ಪಟ್ಟಿ ತಂದರೆ ಇನ್ನೂರು ಆಬ್ಜೆಕ್ಟಿಗೂ ಕನೆಕ್ಷನ್ ಅಂಟಿಕೊಂಡಿರುತ್ತದೆ. ಈ ದಾರಿಗೆ ಹೊಂದುವ ಸಂದರ್ಭ ನನಗೆ ಒಂದೂ ಕಾಣುವುದಿಲ್ಲ. ಬಿಟ್ಟುಬಿಡಿ.

ವಿಷಯಕ್ಕೊಂದು ಕ್ಲಾಸ್: ಗೇಟ್‌ವೇ ಮತ್ತು ರೆಪಾಸಿಟರಿ

ಈಗ ನಾನು ಮೆಚ್ಚುವ ದಾರಿ. ಮಾರ್ಟಿನ್ ಫೌಲರ್ 2002ರಲ್ಲಿ ಈ ವಿನ್ಯಾಸಗಳಿಗೆಲ್ಲ ಹೆಸರು ಕೊಟ್ಟು ವಿವರಿಸಿದರು. ಟೇಬಲ್ ಡೇಟಾ ಗೇಟ್‌ವೇ, ಆಕ್ಟಿವ್ ರೆಕಾರ್ಡ್, ಡೇಟಾ ಮ್ಯಾಪರ್, ರೆಪಾಸಿಟರಿ ಅನ್ನುವ ಮಾತುಗಳು ಇವತ್ತು ಎಲ್ಲರ ಬಾಯಲ್ಲಿ ಇರುವುದು ಅಲ್ಲಿಂದ.

ಟೇಬಲ್ ಡೇಟಾ ಗೇಟ್‌ವೇ ಅಂದರೆ ಒಂದು ಟೇಬಲ್ಲಿಗೆ ಒಂದು ಆಬ್ಜೆಕ್ಟ್. ಹಾಲು ಟೇಬಲ್ಲಿನ ಎಲ್ಲ ಎಸ್‌ಕ್ಯೂಎಲ್ ಹಾಲು ಗೇಟ್‌ವೇ ಕ್ಲಾಸಿನ ಒಳಗೆ. ಹೊರಗಿನವರು ‘ಈ ಸದಸ್ಯನ ಬಟವಾಡೆ ಆಗದ ಹಾಲು ಕೊಡು’ ಅಂತ ಕೇಳುತ್ತಾರೆ, ಸಾಲುಗಳು ಅರೇ ಆಗಿ ಬರುತ್ತವೆ. ರೆಪಾಸಿಟರಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅದು ಅರೇ ಬದಲು ಸದಸ್ಯ ಆಬ್ಜೆಕ್ಟುಗಳನ್ನೇ ಕೊಡುತ್ತದೆ. ಒಳಗೆ ಒಂದು ಟೇಬಲ್ ಇದೆಯೋ ಮೂರು ಇವೆಯೋ ಅನ್ನುವುದು ಹೊರಗೆ ಗೊತ್ತಾಗುವುದಿಲ್ಲ.

ದಿನದ ಕೆಲಸದಲ್ಲಿ ಇವೆರಡರ ನಡುವಿನ ಗೆರೆ ಅಷ್ಟು ಗಟ್ಟಿಯಾಗಿಲ್ಲ. ಅದರ ಬಗ್ಗೆ ವಾದ ಮಾಡುತ್ತಾ ಕೂರುವುದು ಬೇಡ. ಮುಖ್ಯವಾದದ್ದು ಮೂರು ಗುಣ. ಕನೆಕ್ಷನ್ ಹೊರಗಿನಿಂದ ಬರಬೇಕು. ಮೆಥಡ್ ಹೆಸರುಗಳು ಡೈರಿಯ ಭಾಷೆಯಲ್ಲಿರಬೇಕು. ಸದಸ್ಯ ಕ್ಲಾಸಿಗೆ ಡೇಟಾಬೇಸ್ ಇದೆ ಅನ್ನುವುದೇ ಗೊತ್ತಿರಬಾರದು.

ಸದಸ್ಯ ಕ್ಲಾಸ್ ಈಗ ಹಗುರವಾಗುತ್ತದೆ. ಸಂಖ್ಯೆ, ಹೆಸರು, ಬಾಕಿ, ಅವಕ್ಕೆ ಸಂಬಂಧಪಟ್ಟ ನಿಯಮಗಳು, ಅಷ್ಟೇ. ಪಿಎಚ್‌ಪಿ 8.0ರ ಕನ್‌ಸ್ಟ್ರಕ್ಟರ್ ಪ್ರಮೋಷನ್ ಮತ್ತು 8.1ರ ರೀಡ್‌ಓನ್ಲಿ ಗುಣ ಬಳಸಿದರೆ ಹತ್ತು ಸಾಲಿನಲ್ಲಿ ಮುಗಿಯುತ್ತದೆ. ಸಾಲನ್ನು ಆಬ್ಜೆಕ್ಟ್ ಮಾಡುವ ಕೆಲಸಕ್ಕೆ ರೆಪಾಸಿಟರಿಯೊಳಗೆ ಒಂದು ಪ್ರೈವೇಟ್ ಮೆಥಡ್ ಬರೆಯಿರಿ. ಪಿಡಿಒದ ‘ಫೆಚ್ ಕ್ಲಾಸ್’ ಸೌಲಭ್ಯ ಇದನ್ನೇ ತಾನಾಗಿ ಮಾಡುತ್ತದೆ, ಆದರೆ ಅದು ಮೊದಲು ಪ್ರಾಪರ್ಟಿಗಳನ್ನು ತುಂಬಿ ಆಮೇಲೆ ಕನ್‌ಸ್ಟ್ರಕ್ಟರ್ ಕರೆಯುತ್ತದೆ. ಕ್ರಮ ಬದಲಿಸಲು ಬೇರೆ ಫ್ಲ್ಯಾಗ್ ಬೇಕು. ಕೈಯಿಂದ ಬರೆದ ನಾಲ್ಕು ಸಾಲು ಇದಕ್ಕಿಂತ ಸ್ಪಷ್ಟ.

ದುಡ್ಡಿನ ವಿಷಯಕ್ಕೂ ಆ ಮೆಥಡ್ಡೇ ಸರಿಯಾದ ಜಾಗ. ರೇಟು, ಮೊತ್ತ ಎಲ್ಲ ಡೆಸಿಮಲ್ ಕಾಲಮ್ಮಿನಲ್ಲಿ ಇರಬೇಕು. ಪಿಡಿಒ ಅವನ್ನು ಸ್ಟ್ರಿಂಗ್ ಆಗಿ ಕೊಡುತ್ತದೆ. ಅದು ಬೇಕಂತಲೇ ಹಾಗಿದೆ. ಫ್ಲೋಟ್ ಮಾಡಿದರೆ 0.1ಕ್ಕೆ 0.2 ಕೂಡಿಸಿದಾಗ ಸರಿಯಾಗಿ 0.3 ಬರುವುದಿಲ್ಲ. ಹದಿನೈದು ದಿನದ ಹಾಲು, ಎರಡು ಹೊತ್ತು, ಪ್ರತಿ ಸಲ ಬೇರೆ ರೇಟು. ಪೈಸೆ ವ್ಯತ್ಯಾಸ ಬಂದರೆ ಸದಸ್ಯರು ಕೇಳುತ್ತಾರೆ, ಕೇಳಲೂಬೇಕು. ಪೈಸೆಯ ಪೂರ್ಣಾಂಕವಾಗಿ ಬದಲಿಸಿಕೊಳ್ಳಿ, ಇಲ್ಲವೇ ನಿಖರ ದಶಮಾಂಶ ಲೆಕ್ಕಕ್ಕಿರುವ ಪಿಎಚ್‌ಪಿಯ ಬಿಸಿಮ್ಯಾತ್ ಬಳಸಿ. ಆ ತೀರ್ಮಾನ ಒಂದೇ ಮೆಥಡ್‌ನಲ್ಲಿ ಇರುತ್ತದೆ.

ಪರೀಕ್ಷೆಯೂ ಸುಲಭ. ಸದಸ್ಯ ರೆಪಾಸಿಟರಿಗೆ ಒಂದು ಇಂಟರ್‌ಫೇಸ್ ಇದ್ದರೆ, ಪರೀಕ್ಷೆಯಲ್ಲಿ ಅರೇ ಇಟ್ಟುಕೊಂಡ ನಕಲಿ ಕ್ಲಾಸ್ ಕೊಡಬಹುದು. ಬಟವಾಡೆಯ ಲೆಕ್ಕ ಸರಿಯಿದೆಯಾ ಅಂತ ನೋಡಲು ಮೈಎಸ್‌ಕ್ಯೂಎಲ್ ಬೇಡ. ಆದರೆ ಎಸ್‌ಕ್ಯೂಎಲ್ ಸರಿಯಿದೆಯಾ ಅನ್ನುವುದನ್ನು ನಿಜವಾದ ಮೈಎಸ್‌ಕ್ಯೂಎಲ್ ಎದುರೇ ನೋಡಬೇಕು. ಎಸ್‌ಕ್ಯೂಲೈಟ್ ಹಾಕಿ ಪಾಸಾಯಿತು ಅಂತ ಸಮಾಧಾನ ಪಡಬೇಡಿ. ದಿನಾಂಕದ ಫಂಕ್ಷನ್‌ಗಳೇ ಎರಡರಲ್ಲೂ ಬೇರೆ.

ಈ ದಾರಿಯ ಕಷ್ಟ ಎರಡು. ಮೊದಲನೆಯದು ಬರವಣಿಗೆ ಜಾಸ್ತಿ. ನಲವತ್ತು ಟೇಬಲ್ ಇದ್ದು ಎಲ್ಲದಕ್ಕೂ ಸೇರಿಸು, ತಿದ್ದು, ಅಳಿಸು ಮಾತ್ರ ಬೇಕು ಅಂದರೆ ಕೈಯಿಂದ ಬರೆಯುವುದು ಬೇಸರ. ಎರಡನೆಯದು ಮೆಥಡ್‌ಗಳ ಹುಟ್ಟುವಳಿ. ‘ಹೆಸರಿನಿಂದ ಹುಡುಕು’, ‘ಹೆಸರು ಮತ್ತು ಊರಿನಿಂದ ಹುಡುಕು’, ‘ಊರಿನಿಂದ ಹುಡುಕಿ ಬಾಕಿಯ ಕ್ರಮದಲ್ಲಿ ಕೊಡು’. ಹೀಗೆ ಬೆಳೆಯತೊಡಗಿದರೆ, ಅವುಗಳಲ್ಲಿ ಹೆಚ್ಚಿನವು ಪರದೆಗೆ ತೋರಿಸುವ ಪಟ್ಟಿಗಳು ಅಂತ ತಿಳಿಯಿರಿ. ಅವಕ್ಕೆ ರೆಪಾಸಿಟರಿ ಸರಿಯಾದ ಜಾಗವಲ್ಲ. ವರದಿಯ ಭಾಗದಲ್ಲಿ ಅದಕ್ಕೆ ಬರುತ್ತೇನೆ.

ಆಕ್ಟಿವ್ ರೆಕಾರ್ಡ್

ಇಲ್ಲಿ ಕ್ಲಾಸ್ ಅಂದರೆ ಟೇಬಲ್, ಆಬ್ಜೆಕ್ಟ್ ಅಂದರೆ ಸಾಲು. ಆ ಸಾಲಿಗೆ ತನ್ನನ್ನು ತಾನೇ ಉಳಿಸಿಕೊಳ್ಳಲು ಬರುತ್ತದೆ. ಸದಸ್ಯನ ಫೋನ್ ನಂಬರ್ ಬದಲಿಸಿ ‘ಸೇವ್’ ಅಂದರೆ ಮುಗಿಯಿತು. 2004ರಲ್ಲಿ ಬಂದ ರೂಬಿ ಆನ್ ರೇಲ್ಸ್ ಇದನ್ನು ಮನೆಮಾತಾಗಿಸಿತು. ಟೇಲರ್ ಓಟ್‌ವೆಲ್ 2011ರಲ್ಲಿ ಹೊರತಂದ ಲಾರಾವೆಲ್‌ನ ಎಲೊಕ್ವೆಂಟ್ ಇದೇ ಜಾತಿ. ಪೈಥಾನಿನ ಜ್ಯಾಂಗೊ ಮಾಡೆಲ್‌ಗಳೂ ಹೀಗೇ.

ಇದರ ವೇಗಕ್ಕೆ ಸಾಟಿಯಿಲ್ಲ. ಟೇಬಲ್‌ಗಳು ಜಾಸ್ತಿ, ನಿಯಮಗಳು ಕಡಿಮೆ, ಎರಡು ವಾರದಲ್ಲಿ ಏನಾದರೂ ತೋರಿಸಬೇಕು ಅಂದರೆ ನಾನೂ ಲಾರಾವೆಲ್ ಅನ್ನೇ ಹೇಳುತ್ತೇನೆ. ಆದರೆ ಎಲೊಕ್ವೆಂಟ್ ಬೇಕು ಅಂದರೆ ಎಲೊಕ್ವೆಂಟ್ ಅನ್ನೇ ಬಳಸಿ. ನೀವೇ ಒಂದು ಆಕ್ಟಿವ್ ರೆಕಾರ್ಡ್ ಕ್ಲಾಸ್ ಕಟ್ಟಲು ಹೋಗಬೇಡಿ. ಸಂಬಂಧಗಳು, ಬದಲಾದ ಕಾಲಮ್ ಗುರುತಿಸುವುದು, ದಿನಾಂಕಗಳ ಪರಿವರ್ತನೆ ಅಂತ ಅದು ಮುಗಿಯದ ಕೆಲಸ.

ಮೂರು ಕಡೆ ಕಣ್ಣಿಟ್ಟಿರಬೇಕು. ಒಂದು, ಎನ್ ಪ್ಲಸ್ ಒನ್ ಸಮಸ್ಯೆ. ಇನ್ನೂರು ಸದಸ್ಯರ ಪಟ್ಟಿ ತಂದು, ಲೂಪಿನಲ್ಲಿ ಪ್ರತಿಯೊಬ್ಬರ ಇವತ್ತಿನ ಹಾಲು ಕೇಳಿದರೆ 201 ಕ್ವೆರಿ ಓಡುತ್ತದೆ. ಕೋಡ್ ಓದಿದರೆ ಎಲ್ಲೂ ಕ್ವೆರಿ ಕಾಣುವುದಿಲ್ಲ, ಪ್ರಾಪರ್ಟಿ ಓದಿದ ಹಾಗೆ ಕಾಣುತ್ತದೆ. ಎಲೊಕ್ವೆಂಟ್‌ನಲ್ಲಿ ‘ವಿತ್’ ಬಳಸಿ ಮೊದಲೇ ತರಿಸಿದರೆ ಎರಡಕ್ಕೆ ಇಳಿಯುತ್ತದೆ. 2021ರಿಂದ ಲಾರಾವೆಲ್‌ನಲ್ಲಿ ಹೀಗೆ ತಡವಾಗಿ ತರುವುದನ್ನೇ ನಿಷೇಧಿಸುವ ಸೆಟ್ಟಿಂಗ್ ಇದೆ. ನಿಮ್ಮ ಡೆವಲಪ್‌ಮೆಂಟ್ ಯಂತ್ರದಲ್ಲಿ ಅದನ್ನು ಹಾಕಿಯೇ ಇಡಿ.

ಎರಡು, ಮಾಸ್ ಅಸೈನ್‌ಮೆಂಟ್. ಫಾರ್ಮಿನಿಂದ ಬಂದದ್ದನ್ನೆಲ್ಲ ಮಾಡೆಲ್‌ಗೆ ತುಂಬಿದರೆ, ಫಾರ್ಮಿನಲ್ಲಿ ಇಲ್ಲದ ಕಾಲಮ್ಮನ್ನೂ ಹೊರಗಿನವರು ಕಳಿಸಬಹುದು. 2012ರ ಮಾರ್ಚಿನಲ್ಲಿ ಗಿಟ್‌ಹಬ್‌ನಲ್ಲಿ ಇದೇ ಆಯಿತು. ಈ ಅಪಾಯದ ಬಗ್ಗೆ ಎಚ್ಚರಿಸುತ್ತಿದ್ದ ಒಬ್ಬ ಪ್ರೋಗ್ರಾಮರ್ ತನ್ನ ಪ್ರವೇಶದ ಕೀಯನ್ನು ರೇಲ್ಸ್ ತಂಡದ ಖಾತೆಗೆ ಸೇರಿಸಿ, ರೇಲ್ಸ್‌ನ ಸ್ವಂತ ಕೋಡಿಗೇ ಬರೆದು ತೋರಿಸಿದ. ಮುಂದಿನ ವರ್ಷ ಬಂದ ರೇಲ್ಸ್ 4ರಲ್ಲಿ ಯಾವ ಹೆಸರುಗಳಿಗೆ ಅನುಮತಿ ಅಂತ ಸ್ಪಷ್ಟವಾಗಿ ಬರೆಯುವುದು ಕಡ್ಡಾಯವಾಯಿತು. ಎಲೊಕ್ವೆಂಟ್‌ನ ‘ಫಿಲ್ಲೆಬಲ್’ ಪಟ್ಟಿ ಇರುವುದು ಇದಕ್ಕೇ. ‘ಗಾರ್ಡೆಡ್’ ಅನ್ನುವ ತಡೆಪಟ್ಟಿಯನ್ನು ಖಾಲಿ ಮಾಡಿ ಎಲ್ಲಕ್ಕೂ ಬಾಗಿಲು ತೆರೆಯುವ ಮುಂಚೆ ಈ ಘಟನೆ ನೆನಪಿರಲಿ.

ಮೂರನೆಯದು ಕಾಣದಂತೆ ಕಳೆದುಹೋಗುವ ತಿದ್ದುಪಡಿ. ಫೀಡ್ ಬಾಕಿ 1,000 ರೂಪಾಯಿ ಇದೆ. ಇಬ್ಬರು ಸಿಬ್ಬಂದಿ ಒಂದೇ ಹೊತ್ತಿಗೆ ಅದನ್ನು ಓದುತ್ತಾರೆ. ಒಬ್ಬರು 300 ಕಳೆದು 700 ಅಂತ ಉಳಿಸುತ್ತಾರೆ. ಇನ್ನೊಬ್ಬರು 200 ಕಳೆದು 800 ಅಂತ ಉಳಿಸುತ್ತಾರೆ. ಕೊನೆಗೆ ಉಳಿಯುವುದು 800. ಇರಬೇಕಾದದ್ದು 500. ಓದು, ಬದಲಿಸು, ಉಳಿಸು ಅನ್ನುವ ಆಕ್ಟಿವ್ ರೆಕಾರ್ಡಿನ ನಡೆಯೇ ಈ ತಪ್ಪಿಗೆ ಎಳೆಯುತ್ತದೆ. ಕೈಯಿಂದ ಎಸ್‌ಕ್ಯೂಎಲ್ ಬರೆಯುವವರು ‘ಬಾಕಿ ಈಗ ಇರುವುದರಲ್ಲಿ ಇಷ್ಟು ಕಳೆ’ ಅಂತ ಒಂದೇ ಅಪ್‌ಡೇಟಿನಲ್ಲಿ ಹೇಳುತ್ತಾರೆ. ಎಲೊಕ್ವೆಂಟ್‌ನಲ್ಲೂ ‘ಡಿಕ್ರಿಮೆಂಟ್’ ಅನ್ನುವುದು ಇದೆ. ದುಡ್ಡು, ದಾಸ್ತಾನು ಇರುವ ಕಡೆ ಅದನ್ನೇ ಬಳಸಬೇಕು.

ಡೇಟಾ ಮ್ಯಾಪರ್

ಆಬ್ಜೆಕ್ಟಿಗೆ ಡೇಟಾಬೇಸ್ ಗೊತ್ತಿಲ್ಲ, ಡೇಟಾಬೇಸಿಗೆ ಆಬ್ಜೆಕ್ಟ್ ಗೊತ್ತಿಲ್ಲ. ನಡುವೆ ಒಂದು ಪದರ ಎರಡನ್ನೂ ಹೊಂದಿಸುತ್ತದೆ. ಜಾವಾದ ಹೈಬರ್ನೇಟ್, ಪೈಥಾನಿನ ಎಸ್‌ಕ್ಯೂಎಲ್ ಆಲ್ಕೆಮಿ, ಪಿಎಚ್‌ಪಿಯ ಡಾಕ್ಟ್ರಿನ್ ಈ ಸಾಲಿನವು. ಡಾಕ್ಟ್ರಿನ್‌ನ ಕಥೆ ಹೇಳಬೇಕಾದದ್ದು. ಅದರ ಮೊದಲ ಆವೃತ್ತಿ ಆಕ್ಟಿವ್ ರೆಕಾರ್ಡ್ ಆಗಿತ್ತು. 2010ರ ಕೊನೆಯಲ್ಲಿ ಬಂದ ಎರಡನೇ ಆವೃತ್ತಿಯನ್ನು ಹೊಸದಾಗಿ ಬರೆದು ಡೇಟಾ ಮ್ಯಾಪರ್ ಮಾಡಿದರು. ಸಿಂಫನಿ ಫ್ರೇಮ್‌ವರ್ಕ್ ಬಳಸುವವರಿಗೆ ಅದು ಚೆನ್ನಾಗಿ ಪರಿಚಯ.

ಇದು ಎರಡು ಕೆಲಸಗಳನ್ನು ನಿಮ್ಮ ಪರವಾಗಿ ಮಾಡುತ್ತದೆ. ಒಂದೇ ಸಾಲನ್ನು ಎರಡು ಸಲ ಕೇಳಿದರೆ ಅದೇ ಆಬ್ಜೆಕ್ಟ್ ಕೊಡುತ್ತದೆ. ಏನೇನು ಬದಲಾಗಿದೆ ಅಂತ ನೆನಪಿಟ್ಟು, ‘ಫ್ಲಶ್’ ಅಂದಾಗ ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಬರೆಯುತ್ತದೆ. ನಿಯಮಗಳು ದಟ್ಟವಾಗಿರುವ ಕೆಲಸಕ್ಕೆ, ಆಬ್ಜೆಕ್ಟುಗಳ ಆಕಾರವೂ ಟೇಬಲ್‌ಗಳ ಆಕಾರವೂ ಬೇರೆ ಇರುವ ಕಡೆಗೆ ಇದು ನಿಜಕ್ಕೂ ಒಳ್ಳೆಯದು.

ಬೆಲೆ ಕಲಿಕೆಯದ್ದು. ಯಾವ ಆಬ್ಜೆಕ್ಟ್ ಈಗ ನಿಗಾದಲ್ಲಿದೆ, ಯಾವುದು ಇಲ್ಲ ಅನ್ನುವುದು ತಲೆಯಲ್ಲಿ ಇರಬೇಕು. ಒಂದು ಲಕ್ಷ ಹಾಲಿನ ದಾಖಲೆಗಳನ್ನು ಲೂಪಿನಲ್ಲಿ ಸೇರಿಸಿದರೆ ಎಲ್ಲವೂ ಅದರ ನೆನಪಿನಲ್ಲಿ ಕೂತು ಮೆಮೊರಿ ತುಂಬುತ್ತದೆ. ನಡುನಡುವೆ ‘ಕ್ಲಿಯರ್’ ಮಾಡಬೇಕು. ತಡವಾಗಿ ತರುವ ಎನ್ ಪ್ಲಸ್ ಒನ್ ಇಲ್ಲೂ ಇದೆ. ನಾಲ್ಕು ಟೇಬಲ್ಲಿನ ಡೈರಿ ಲೆಕ್ಕಕ್ಕೆ ಇದು ಭಾರ. ತಂಡದಲ್ಲಿ ಒಬ್ಬರಿಗಾದರೂ ಡಾಕ್ಟ್ರಿನ್ ಚೆನ್ನಾಗಿ ಬರುತ್ತಿದ್ದರೆ ಮಾತ್ರ ಕೈ ಹಾಕಿ.

ಬಟವಾಡೆ ಎಂಬ ಪರೀಕ್ಷೆ

ಯಾವ ವಿನ್ಯಾಸವನ್ನಾದರೂ ಒಂದು ಕೆಲಸದಿಂದ ಪರೀಕ್ಷಿಸಬಹುದು: ಹಲವು ಟೇಬಲ್ ಮುಟ್ಟುವ, ಅರ್ಧಕ್ಕೆ ನಿಲ್ಲಬಾರದ ಕೆಲಸ. ಡೈರಿಯಲ್ಲಿ ಅದು ಬಟವಾಡೆ. ಹಾಲಿನ ಮೊತ್ತ ಕೂಡಬೇಕು, ಫೀಡ್ ಸಾಲ ಕಳೆಯಬೇಕು, ಬಟವಾಡೆಯ ಸಾಲು ಬರೆಯಬೇಕು, ಆ ಹಾಲನ್ನು ‘ಪಾವತಿಯಾಗಿದೆ’ ಅಂತ ಗುರುತು ಮಾಡಬೇಕು. ನಡುವೆ ಕರೆಂಟ್ ಹೋದರೆ ಎಲ್ಲವೂ ರದ್ದಾಗಬೇಕು.

ಟ್ರಾನ್ಸಾಕ್ಷನ್ ಯಾರು ಶುರು ಮಾಡಬೇಕು? ರೆಪಾಸಿಟರಿಗಳು ಮಾಡಬಾರದು. ಫೀಡ್ ಸಾಲದ ರೆಪಾಸಿಟರಿ ತನ್ನೊಳಗೇ ಟ್ರಾನ್ಸಾಕ್ಷನ್ ತೆರೆದರೆ, ಮೇಲೆ ಆಗಲೇ ಒಂದು ತೆರೆದಿದ್ದಾಗ ಪಿಡಿಒ ಎಕ್ಸೆಪ್ಶನ್ ಎಸೆಯುತ್ತದೆ. ಇವರೆಲ್ಲರ ಮೇಲೆ ಬಟವಾಡೆ ಸೇವೆ ಅನ್ನುವ ಒಂದು ಕ್ಲಾಸ್ ಇರಲಿ. ಅದು ಟ್ರಾನ್ಸಾಕ್ಷನ್ ತೆರೆಯಲಿ, ಸದಸ್ಯನ ಸಾಲನ್ನು ‘ಫಾರ್ ಅಪ್‌ಡೇಟ್’ ಹಾಕಿ ಹಿಡಿದುಕೊಳ್ಳಲಿ, ರೆಪಾಸಿಟರಿಗಳನ್ನು ಕರೆಯಲಿ, ಕೊನೆಗೆ ಕಮಿಟ್ ಮಾಡಲಿ. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಎರಡನೆಯವರು ಕಾಯುತ್ತಾರೆ. ತಮ್ಮ ಸರದಿ ಬಂದಾಗ ಪಾವತಿಯಾಗದ ಹಾಲು ಉಳಿದೇ ಇರುವುದಿಲ್ಲ.

ಎಲ್ಲ ರೆಪಾಸಿಟರಿಗಳಿಗೂ ಒಂದೇ ಪಿಡಿಒ ಆಬ್ಜೆಕ್ಟ್ ಕೊಟ್ಟಿದ್ದರ ಫಲ ಇಲ್ಲಿ ಕಾಣುತ್ತದೆ. ಇನ್ನೊಂದು ಎಚ್ಚರಿಕೆ: ಟೇಬಲ್‌ಗಳು ಇನ್ನೋಡಿಬಿಯಲ್ಲಿ ಇವೆಯಾ ನೋಡಿ. ಮೈಎಸ್‌ಕ್ಯೂಎಲ್ 5.5ರಿಂದ ಅದೇ ಮೊದಲ ಆಯ್ಕೆ. ತೀರಾ ಹಳೆಯ ಡೇಟಾಬೇಸುಗಳಲ್ಲಿ ಮೈಐಸ್ಯಾಮ್ ಉಳಿದಿರಬಹುದು. ಅದಕ್ಕೆ ಟ್ರಾನ್ಸಾಕ್ಷನ್ ಅನ್ನುವುದೇ ಇಲ್ಲ. ರೋಲ್‌ಬ್ಯಾಕ್ ಅಂದರೂ ಬರೆದದ್ದು ಹಾಗೇ ಇರುತ್ತದೆ.

ವರದಿಗೆ ಆಬ್ಜೆಕ್ಟ್ ಬೇಡ

ತಿಂಗಳ ಹಾಲು, ಸರಾಸರಿ ಫ್ಯಾಟು, ಹೆಚ್ಚು ಹಾಲು ಹಾಕಿದ ಹತ್ತು ಜನ. ಇಂಥವಕ್ಕೆ ಸದಸ್ಯ ಆಬ್ಜೆಕ್ಟುಗಳನ್ನು ತುಂಬಿ ಪಿಎಚ್‌ಪಿಯಲ್ಲಿ ಕೂಡುವುದು ವ್ಯರ್ಥ. ಡೇಟಾಬೇಸ್ ಇರುವುದೇ ಕೂಡುವುದಕ್ಕೆ. ವರದಿಗಳಿಗೆ ಬೇರೆ ಕ್ಲಾಸ್ ಇಡಿ. ಒಂದು ಮೆಥಡ್‌ಗೆ ಒಂದು ದೊಡ್ಡ ಎಸ್‌ಕ್ಯೂಎಲ್, ಫಲಿತಾಂಶ ಸಾದಾ ಅರೇ. ಎಲೊಕ್ವೆಂಟ್ ಅಥವಾ ಡಾಕ್ಟ್ರಿನ್ ಬಳಸುವವರಿಗೂ ಇದೇ ಮಾತು. ಅವೆರಡರಲ್ಲೂ ನೇರ ಎಸ್‌ಕ್ಯೂಎಲ್ ಬರೆಯಲು ದಾರಿ ಇದೆ, ನಾಚಿಕೆ ಪಡಬೇಕಾಗಿಲ್ಲ.

ಹಾಗಾದರೆ ನಿಮಗೆ ಯಾವುದು?

ಲಾರಾವೆಲ್‌ನಲ್ಲಿ ಇದ್ದೀರಾ? ಎಲೊಕ್ವೆಂಟ್ ಜೊತೆಗೇ ಹೋಗಿ. ಅದರ ಮೇಲೆ ಪ್ರತಿ ಮಾಡೆಲ್‌ಗೂ ಒಂದು ರೆಪಾಸಿಟರಿ ಹೊದಿಸುವ ಅಭ್ಯಾಸ ಕೆಲವರಲ್ಲಿದೆ. ‘ಹುಡುಕು’ ಅಂದರೆ ಒಳಗೂ ‘ಹುಡುಕು’ ಅನ್ನುವ ಕ್ಲಾಸಿನಿಂದ ಲಾಭವಿಲ್ಲ. ಬಟವಾಡೆಯಂಥ ಕೆಲಸಗಳಿಗೆ ಮಾತ್ರ ಸೇವೆಯ ಕ್ಲಾಸ್ ಬರೆಯಿರಿ.

ಸಿಂಫನಿ, ನಿಯಮಗಳು ದಟ್ಟ, ತಂಡ ದೊಡ್ಡದು, ಹಲವು ವರ್ಷ ಬಾಳಬೇಕು? ಡಾಕ್ಟ್ರಿನ್. ಫ್ರೇಮ್‌ವರ್ಕ್ ಇಲ್ಲ, ಅಥವಾ ಸ್ಲಿಮ್‌ನಂಥ ಸಣ್ಣದು, ಟೇಬಲ್‌ಗಳು ಹತ್ತಿಪ್ಪತ್ತು, ಎಸ್‌ಕ್ಯೂಎಲ್ ನಿಮಗೆ ಚೆನ್ನಾಗಿ ಬರುತ್ತದೆ? ಪಿಡಿಒ ಮತ್ತು ಕೈಯಿಂದ ಬರೆದ ರೆಪಾಸಿಟರಿಗಳು. ಕಲಿಯುತ್ತಿರುವ ವಿದ್ಯಾರ್ಥಿಗಳಿಗೂ ನಾನು ಇದನ್ನೇ ಹೇಳುವುದು. ಒಂದು ಸಲ ಕೈಯಿಂದ ಸಾಲನ್ನು ಆಬ್ಜೆಕ್ಟ್ ಮಾಡಿದವರಿಗೆ ಡಾಕ್ಟ್ರಿನ್ ಒಳಗೆ ಏನು ನಡೆಯುತ್ತಿದೆ ಅನ್ನುವುದು ಬೇಗ ಅರ್ಥವಾಗುತ್ತದೆ. ಎರಡೇ ಪುಟದ ಕೆಲಸ, ಒಂದೇ ಟೇಬಲ್ ಇದ್ದರೆ? ಪಿಡಿಒ ನೇರವಾಗಿ ಬಳಸಿ, ಕ್ಲಾಸೇ ಬೇಡ.

ಈಗಾಗಲೇ ದೊಡ್ಡ ‘ಡಿಬಿ’ ಕ್ಲಾಸಿನ ಮೇಲೆ ನಿಂತ ಕೋಡ್ ಇದ್ದರೆ ಎಲ್ಲವನ್ನೂ ಒಡೆದು ಮತ್ತೆ ಬರೆಯಬೇಡಿ. ಮೊದಲು ಆ ಕ್ಲಾಸಿನೊಳಗಿನ ಪಿಡಿಒ ಆಬ್ಜೆಕ್ಟನ್ನು ಹೊರಗೆ ಕೊಡುವ ಒಂದು ಮೆಥಡ್ ಸೇರಿಸಿ. ಹಳೆಯದು, ಹೊಸದು ಎರಡೂ ಒಂದೇ ಕನೆಕ್ಷನ್ ಬಳಸುವ ಹಾಗೆ. ಆಮೇಲೆ ಅತಿ ಹೆಚ್ಚು ತಿದ್ದಬೇಕಾಗಿ ಬರುವ ಒಂದು ಟೇಬಲ್ ಆರಿಸಿ. ಅದಕ್ಕೊಂದು ರೆಪಾಸಿಟರಿ ಬರೆಯಿರಿ. ಆ ಟೇಬಲ್ಲಿನ ಹೆಸರನ್ನು ಇಡೀ ಕೋಡಿನಲ್ಲಿ ಹುಡುಕಿ, ಸಿಕ್ಕ ಕ್ವೆರಿಗಳನ್ನು ಒಂದೊಂದಾಗಿ ಒಳಗೆ ತನ್ನಿ. ಹುಡುಕಿದಾಗ ರೆಪಾಸಿಟರಿ ಮತ್ತು ವರದಿಯ ಕ್ಲಾಸ್ ಎರಡರಲ್ಲಿ ಮಾತ್ರ ಆ ಹೆಸರು ಸಿಗುವ ಹಂತಕ್ಕೆ ಬಂದ ಮೇಲೆ ಮುಂದಿನ ಟೇಬಲ್ಲಿಗೆ ಹೋಗಿ.